ಮೊದಲು ಮೂಲ: ಸಂಗೀತಯಂತ್ರಗಳ ಬೆಲೆಯ ಚರಿತ್ರೆಯಿಂದ ಕೆಲವು ಪುಟಗಳು

ಪುಣೆಯ ನಮ್ಮ ಬಳಗದ ಹಿರಿಯರೊಬ್ಬರು ಕಳೆದ ಚಳಿಗಾಲದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಧಾರವಾಡದ ಕಡೆಯವರು, ನನ್ನ ಇಲಾಖೆಯಲ್ಲಿಯೇ ಮೂವತ್ತೈದು ವರ್ಷ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಕೈಗೆ ಬಂದ ಗ್ರಾಚ್ಯುಯಿಟಿಯ ಹಣದಲ್ಲಿ ಮಗಳ ಮದುವೆಗೆಂದು ತೆಗೆದಿರಿಸಿದ್ದು ಹೋಗಿ, ತಮ್ಮ ಸುಖಕ್ಕೆಂದು ಒಂದಿಷ್ಟು ಉಳಿದಿತ್ತು. ಅದರಲ್ಲಿ ಎರಡೂವರೆ ಲಕ್ಷ ರೂಪಾಯಿ ಬೆಲೆಯ ಮ್ಯೂಸಿಕ್ ಸ್ಟ್ರೀಮರ್ ಒಂದನ್ನು ಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಸ್ಟ್ರೀಮರ್ ಎಂದರೆ ಅಂತರಜಾಲದ ಸಂಗೀತಸೇವೆಯಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ಹಾಡಿನ ದತ್ತಾಂಶವನ್ನು ತರಿಸಿಕೊಂಡು ಆಂಪ್ಲಿಫೈಯರಿಗೆ ಒಪ್ಪಿಸುವ ಪೆಟ್ಟಿಗೆ. ಇದೇ ಕೆಲಸವನ್ನು ಮಾಡುವ ಪೆಟ್ಟಿಗೆ ಹತ್ತು ಹದಿನೈದು ಸಾವಿರಕ್ಕೂ ದೊರೆಯುತ್ತದೆ. ಹಾಗಿದ್ದರೂ ಎರಡೂವರೆ ಲಕ್ಷವೇಕೆ ಎಂದು ನಾನು ಕೇಳಿದಾಗ ಅವರು ಅಂಗಡಿಯವನ ಮಾತನ್ನೇ ಒಪ್ಪಿಸಿದರು: “ಮೂಲಾನೇ ಸರಿ ಇರದಿದ್ರ, ಮುಂದಿಂದೆಲ್ಲಾ ವ್ಯರ್ಥ ಅಲ್ರೀ?”

ಸಾಮಾನ್ಯ ವಿವೇಕಕ್ಕೆ ಒಪ್ಪುವ ಮಾತು. ಕೆರೆಯ ನೀರೇ ಕಲಕಿದ್ದರೆ ನಲ್ಲಿಯಲ್ಲಿ ತಿಳಿನೀರು ಬಾರದು. ಆದರೆ ಆಡಿಯೋ ವ್ಯಾಪಾರದಲ್ಲಿ ಈ ಮಾತಿಗೆ ತನ್ನದೇ ಆದ ಹುಟ್ಟು, ಪ್ರಾಯ ಮತ್ತು ಮುಪ್ಪು ಇವೆ. ಅದನ್ನು ತಿಳಿಯದೆ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವಿಲ್ಲವೆಂದು ನನಗೆ ತೋರಿತು. ಈ ಬರಹ ಹುಟ್ಟಿದ್ದು ಹಾಗೆ.

ಬೆಲೆ ಹೆಚ್ಚಾದಷ್ಟೂ ಯಂತ್ರ ಸತ್ಯಕ್ಕೆ ಹತ್ತಿರವಾಗುತ್ತದೆಂಬ ನಂಬಿಕೆ ಧ್ವನಿಮುದ್ರಣದಷ್ಟೇ ಹಳೆಯದು. ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದ. ಮೂರೂವರೆ ದಶಕಗಳ ತರುವಾಯ ಅವನ ಕಂಪನಿ ‘ಡೈಮಂಡ್ ಡಿಸ್ಕ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಉತ್ತಮ ಮಾದರಿಯ ಬೆಲೆ 250 ಡಾಲರ್. ಆ ವರ್ಷಗಳಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರೇ 400 ಡಾಲರುಗಳ ಆಸುಪಾಸಿನಲ್ಲಿ ಸಿಗುತ್ತಿತ್ತು. ಇಷ್ಟು ದುಬಾರಿಯಾದ ಪೆಟ್ಟಿಗೆಯನ್ನು ಜನರಿಗೆ ಒಪ್ಪಿಸಲು ಕಂಪನಿ 1915ರಿಂದ ‘ಟೋನ್ ಟೆಸ್ಟ್’ ಎಂಬ ಸಾರ್ವಜನಿಕ ಪ್ರಯೋಗಗಳನ್ನು ಊರೂರಲ್ಲಿ ನಡೆಸಿತು. ವೇದಿಕೆಯ ಮೇಲೆ ಗಾಯಕಿಯೂ ಯಂತ್ರವೂ ಒಟ್ಟಿಗೆ ಇರುತ್ತಿದ್ದರು. ಅವಳು ಹಾಡುತ್ತ ಹಾಡುತ್ತ ನಿಲ್ಲಿಸುವಳು, ಯಂತ್ರ ಮುಂದುವರಿಸುವುದು, ದೀಪಗಳು ಆರುವವು, ಮತ್ತೆ ಬೆಳಕು ಬಂದಾಗ ಗಾಯಕಿ ವೇದಿಕೆಯ ಮೇಲೆಯೇ ಇರುತ್ತಿರಲಿಲ್ಲ. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೇರಿ ರಾಪೋಲ್ಡ್ ಎಂಬ ಸೊಪ್ರಾನೊ ಹೀಗೆ ಹಾಡಿದಾಗ ತುಂಬಿದ ಸಭೆ ಬೆರಗಾಯಿತು.

ಇಂದು ಆ ಮುದ್ರಿಕೆಗಳನ್ನು ಕೇಳಿದವರು ನಗಬಹುದು. ಮೈಕ್ರೋಫೋನಿಲ್ಲದ ಕಾಲದಲ್ಲಿ ಕಹಳೆಯ ಬಾಯಿಗೆ ಹಾಡಿ ಕೊರೆದ ಆ ದನಿಯನ್ನು ನಿಜದ ದನಿಯೆಂದು ಯಾರು ತಾನೆ ಭ್ರಮಿಸಿಯಾರು? ಆದರೂ ಸಭಿಕರು ಸುಳ್ಳು ಹೇಳಲಿಲ್ಲ. ಆ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದ ಆನಾ ಕೇಸ್ ಎಂಬ ಗಾಯಕಿ ಎಷ್ಟೋ ವರ್ಷಗಳ ಮೇಲೆ ಗುಟ್ಟನ್ನು ಬಿಟ್ಟುಕೊಟ್ಟಳು. ಯಂತ್ರವು ಮನುಷ್ಯಕಂಠವನ್ನು ಹೋಲುತ್ತಿರಲಿಲ್ಲ. ಗಾಯಕಿಯೇ ತನ್ನ ಕಂಠವನ್ನು ತಗ್ಗಿಸಿ ಯಂತ್ರಕ್ಕೆ ಹೊಂದಿಸುತ್ತಿದ್ದಳು. ಕಿವಿ ಪ್ರಾಮಾಣಿಕವಾದದ್ದೇ, ಆದರೆ ಪರೀಕ್ಷೆಯನ್ನು ಏರ್ಪಡಿಸುವವನೇ ಮಾರುವವನೂ ಆದಾಗ ಪ್ರಾಮಾಣಿಕವಾದ ಕಿವಿಯೂ ಅವನು ಬೇಕೆಂದದ್ದನ್ನೇ ಕೇಳುತ್ತದೆ. ಈ ಪಾಠವನ್ನು ನೂರು ವರ್ಷಗಳಾದರೂ ನಾವು ಕಲಿತಂತಿಲ್ಲ.

ಅದೇ ಕಾಲದ ಭಾರತಕ್ಕೆ ಬನ್ನಿ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನಳ ದನಿಯನ್ನು ಮುದ್ರಿಸಿಕೊಂಡ. ಗಂಟೆಗಟ್ಟಲೆ ಹರಡಿಕೊಳ್ಳಬೇಕಾದ ರಾಗ ಮೂರು ನಿಮಿಷಕ್ಕೆ ಮಡಚಿಕೊಂಡು ಕುಳಿತಿತು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಮರಳಿ ಬಂದವು. ಯಂತ್ರದ ದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಕೊರತೆಗಳಲ್ಲದೆ ಬೇರೇನೂ ಇಲ್ಲ. ಆದರೆ ಮೂರು ದಶಕಗಳ ನಂತರ ನಮ್ಮ ಗದುಗಿನಲ್ಲಿ ಏನಾಯಿತೆಂಬುದನ್ನು ಸಂಗೀತಪ್ರಿಯರೆಲ್ಲ ಬಲ್ಲರು. ಅಂಗಡಿಯ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ ಮೊಳಗುತ್ತಿತ್ತು. ಕೇಳುತ್ತ ನಿಂತ ಬಾಲಕ ಭೀಮಸೇನ ಜೋಶಿ ಹಾಗೆ ಹಾಡಬೇಕೆಂಬ ಹಂಬಲಕ್ಕೆ ಬಿದ್ದು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟ. ಉಕ್ಕಿನ ಮುಳ್ಳು, ಸವೆದ ತಟ್ಟೆ, ಬೀದಿಯ ಗದ್ದಲ, ಇವುಗಳ ನಡುವೆ ಆ ಹುಡುಗನಿಗೆ ತಲುಪಬೇಕಾದದ್ದು ತಲುಪಿತು. ಇದರಿಂದ ಯಂತ್ರದ ಗುಣಮಟ್ಟ ಮುಖ್ಯವಲ್ಲವೆಂದು ನಾನು ವಾದಿಸುತ್ತಿಲ್ಲ. ಮುದ್ರಿಕೆಯಲ್ಲಿ ಏನಿದೆ ಎಂಬುದು ಒಂದು ಪ್ರಶ್ನೆ, ಅದನ್ನು ಎಷ್ಟು ಕೆಡಿಸದೆ ಹೊರಡಿಸುತ್ತೇವೆ ಎಂಬುದು ಇನ್ನೊಂದು. ಇವೆರಡನ್ನೂ ಬೇರೆಯಾಗಿ ನೋಡಬೇಕೆಂಬುದಷ್ಟೇ ನನ್ನ ಅರಿಕೆ.

ಅಂಗಡಿಯವನ ಮಾತಿನ ಜನ್ಮಸ್ಥಳವಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿ ತಟ್ಟೆಯನ್ನು ತಂದ ಮೇಲೆ ಮನೆಯ ಸಂಗೀತವ್ಯವಸ್ಥೆ ತಟ್ಟೆ ತಿರುಗಿಸುವ ಯಂತ್ರ, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎಂದು ಮೂರು ಭಾಗಗಳಾಯಿತು. ಹಣವಿದ್ದವರು ಮೊದಲು ದೊಡ್ಡ ಸ್ಪೀಕರುಗಳನ್ನೇ ಕೊಳ್ಳುತ್ತಿದ್ದರು. 1970ರ ದಶಕದ ಆರಂಭದಲ್ಲಿ ಐವರ್ ಟೀಫನ್‌ಬ್ರುನ್ ಎಂಬವರು ಸ್ಥಾಪಿಸಿದ ಲಿನ್ ಕಂಪನಿ ‘ಸಾಂಡೆಕ್ ಎಲ್‌ಪಿ12’ ಎಂಬ ಟರ್ನ್‌ಟೇಬಲನ್ನು ಹೊರತಂದು, ಈ ಕ್ರಮವನ್ನು ತಲೆಕೆಳಗು ಮಾಡಿತು. ಮುಳ್ಳಿನ ತುದಿಯಲ್ಲಿ ಕಳೆದುಹೋದದ್ದನ್ನು ಮುಂದಿನ ಯಾವ ಯಂತ್ರವೂ ಮರಳಿಸಲಾರದು. ಆದುದರಿಂದ ಮೊದಲ ಖರ್ಚು ಮೂಲಕ್ಕೆ ಎಂಬುದು ಅವರ ಸಿದ್ಧಾಂತ.

ಆ ಕಾಲಕ್ಕೆ ಅದು ಸತ್ಯವೇ ಆಗಿತ್ತು. ಎಲ್‌ಪಿಯ ಗೀರಿನಲ್ಲಿರುವ ಏರಿಳಿತಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಮೋಟರಿನ ನಡುಕ, ತಟ್ಟೆಯ ವೇಗದ ವ್ಯತ್ಯಾಸ, ಮುಳ್ಳನ್ನು ಹಿಡಿದ ತೋಳಿನ ಕಂಪನ ಇವೆಲ್ಲವೂ ಆ ಏರಿಳಿತದೊಂದಿಗೆ ಬೆರೆತು ಸಂಗೀತವೆಂಬ ವೇಷದಲ್ಲಿ ಹೊರಬರುತ್ತವೆ. ಬೇರಿಂಗನ್ನು ಇನ್ನಷ್ಟು ನಯವಾಗಿ ಕಡೆದರೆ, ತಟ್ಟೆಯ ತೂಕವನ್ನು ಹೆಚ್ಚಿಸಿದರೆ ಫಲಿತಾಂಶ ಕಿವಿಗೆ ಗೊತ್ತಾಗುತ್ತಿತ್ತು. ನಯವಾಗಿ ಕಡೆಯುವ ಕುಶಲಕೆಲಸಕ್ಕೆ ದುಡ್ಡು ಬೇಕಾಗುತ್ತಿತ್ತು. ಅಂದರೆ ಬೆಲೆಗೂ ಗುಣಕ್ಕೂ ನಡುವೆ ಲೋಹದಿಂದಲೇ ಮಾಡಿದ ಒಂದು ಸಂಬಂಧವಿತ್ತು.

ಈ ಸಂಬಂಧ ಕಡಿದದ್ದು 1982ರ ಅಕ್ಟೋಬರ್ 1ರಂದು ಎನ್ನಬಹುದು. ಅಂದು ಜಪಾನಿನಲ್ಲಿ ಸೋನಿ ಕಂಪನಿಯ ಸಿಡಿಪಿ-101 ಎಂಬ ಮೊದಲ ಸಿಡಿ ಪ್ಲೇಯರ್ 1,68,000 ಯೆನ್ ಬೆಲೆಗೆ ಮಾರಾಟಕ್ಕೆ ಬಂತು. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. ಅಲೆಯೊಂದರ ಅತ್ಯುಚ್ಚ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಲೆಯನ್ನು ಮತ್ತೆ ಪೂರ್ಣವಾಗಿ ಕಟ್ಟಬಹುದೆಂಬ ತತ್ತ್ವ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶಾನನ್ 1949ರಲ್ಲಿ ಬರೆದ ಪ್ರಬಂಧಗಳಿಂದ ಸಿದ್ಧವಾಗಿತ್ತು. ಮನುಷ್ಯನ ಕಿವಿ ಎಳೆತನದಲ್ಲಿ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ನಲವತ್ತು ದಾಟಿದವರಿಗೆ ಆ ಮೇಲ್ಮಿತಿ ಸಾಕಷ್ಟು ಕುಸಿದಿರುತ್ತದೆ. ಆದ್ದರಿಂದ 44,100 ಎಂಬುದು ಕಿವಿಯ ಅಗತ್ಯಕ್ಕಿಂತ ತುಸು ಹೆಚ್ಚೇ. ಇನ್ನು ಆ ಸಂಖ್ಯೆಗಳನ್ನು ವಿದ್ಯುತ್ತಿನ ಅಲೆಯಾಗಿ ಪರಿವರ್ತಿಸುವುದು ಒಂದು ಚಿಪ್ಪು. ಚಿಪ್ಪಿನ ಸ್ವಭಾವವೇನೆಂದರೆ ಲಕ್ಷಗಟ್ಟಲೆ ತಯಾರಾದಷ್ಟೂ ಅದು ಅಗ್ಗವೂ ಆಗುತ್ತದೆ, ಉತ್ತಮವೂ ಆಗುತ್ತದೆ. ಕಡೆದ ಬೇರಿಂಗಿಗೆ ಈ ಗುಣವಿಲ್ಲ.

ಹಳೆಯ ಸಿದ್ಧಾಂತವಾದರೂ ಸುಲಭವಾಗಿ ಸೋಲೊಪ್ಪಲಿಲ್ಲ. ಡಿಜಿಟಲ್ ಪರಿವರ್ತನೆ ಸಂಗೀತವನ್ನು ಕೆಡಿಸುತ್ತದೆ, ಅದು ತಮಗೆ ಕೇಳಿಸುತ್ತದೆ ಎಂದು ಟೀಫನ್‌ಬ್ರುನ್ ವಾದಿಸುತ್ತಿದ್ದರು. 1984ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಲಿಪ್‌ಶಿಟ್ಸ್ ಅವರ ನೇತೃತ್ವದಲ್ಲಿ ಅವರು ಪರೀಕ್ಷೆಗೆ ಕುಳಿತರು. ಎಲ್‌ಪಿಯ ಧ್ವನಿಪಥದ ನಡುವೆ ಸೋನಿಯ ಡಿಜಿಟಲ್ ಪರಿವರ್ತಕವೊಂದನ್ನು ಅವರಿಗೆ ತಿಳಿಯದಂತೆ ಸೇರಿಸುವುದು, ತೆಗೆಯುವುದು; ಯಾವಾಗ ಸೇರಿದೆಯೆಂದು ಅವರು ಹೇಳಬೇಕು. ಊಹೆಗಿಂತ ಮೇಲಾದ ಫಲ ಅವರಿಗೆ ದೊರೆಯಲಿಲ್ಲ. ಇದರಲ್ಲಿ ಅವಮಾನವೇನಿಲ್ಲ. ಪರೀಕ್ಷೆಗೆ ಕುಳಿತರೆಂಬುದೇ ಅವರ ಧೈರ್ಯಕ್ಕೆ ಸಾಕ್ಷಿ. ಎಡಿಸನ್ನನ ಗಾಯಕಿಯರು ಇಂಥ ಅವಕಾಶವನ್ನು ಯಾರಿಗೂ ಕೊಟ್ಟಿರಲಿಲ್ಲ.

ಸ್ಟ್ರೀಮರಿನ ಹುಟ್ಟು ಇದರ ನಂತರದ್ದು. 1995ರಲ್ಲಿ ಎಂಪಿ3 ಎಂಬ ಹೆಸರು ಬಳಕೆಗೆ ಬಂತು. 2001ರಲ್ಲಿ ಒಂದೂ ಬಿಟ್ಟು ಕಳೆಯದೆ ದತ್ತಾಂಶವನ್ನು ಕುಗ್ಗಿಸುವ ಫ್ಲ್ಯಾಕ್ ಎಂಬ ವಿಧಾನ ಸಿದ್ಧವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ಗಣಕದಲ್ಲಿರುವ ಹಾಡನ್ನು ಜಾಲದ ಮೂಲಕ ಕೂಡುಕೋಣೆಗೆ ತರುವ ಸರಳ ಪೆಟ್ಟಿಗೆಯನ್ನು ಮಾಡಿತು. 2003ರಲ್ಲಿ ಅದು ‘ಸ್ಕ್ವೀಜ್‌ಬಾಕ್ಸ್’ ಆಯಿತು. ಶ್ರೀಸಾಮಾನ್ಯನ ಸಾಧನವಾಗಿ ಹುಟ್ಟಿದ ಈ ವಸ್ತು ಶ್ರೀಮಂತರ ಮನೆಯನ್ನು ಹೊಕ್ಕದ್ದು 2007ರಲ್ಲಿ. ಹೊಗಿಸಿದ್ದು ಅದೇ ಲಿನ್ ಕಂಪನಿ. ಅಲ್ಯೂಮಿನಿಯಮ್ ಗಟ್ಟಿಯನ್ನು ಕೊರೆದು ಮಾಡಿದ ಕವಚದ ‘ಕ್ಲೈಮ್ಯಾಕ್ಸ್ ಡಿಎಸ್’ ಎಂಬ ಅವರ ಸ್ಟ್ರೀಮರಿನ ಬೆಲೆ ಹತ್ತು ಸಾವಿರ ಪೌಂಡುಗಳ ಸಮೀಪದಲ್ಲಿತ್ತು. ಎರಡು ವರ್ಷಗಳಲ್ಲಿ ಅವರು ಸಿಡಿ ಪ್ಲೇಯರುಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿದರು. ಡಿಜಿಟಲ್ಲನ್ನು ಅನುಮಾನಿಸಿದ ಮನೆತನವೇ ಅದರ ಮುಂದಾಳಾಯಿತು. ‘ಮೊದಲು ಮೂಲ’ ಎಂಬ ಸೂತ್ರವೂ ಟರ್ನ್‌ಟೇಬಲಿನಿಂದ ಇಳಿದು ಸ್ಟ್ರೀಮರಿನ ಮೇಲೆ ಕುಳಿತಿತು. ನನಗೆ ತೋರುವಂತೆ ಈ ಇತಿಹಾಸದ ಮುಖ್ಯ ತಿರುವು ಇದೇ. ಸೂತ್ರ ಉಳಿಯಿತು, ಅದನ್ನು ನಿಜಗೊಳಿಸಿದ್ದ ಮುಳ್ಳು, ಗೀರು, ಮೋಟರುಗಳು ಮರೆಯಾದವು.

ಏಕೆಂದರೆ ಸ್ಟ್ರೀಮರಿಗೆ ಬರುವುದು ಧ್ವನಿಯಲ್ಲ, ಸಂಖ್ಯೆ. ನಮ್ಮ ಕಚೇರಿಗಳ ನೋಂದಾಯಿತ ಅಂಚೆಯಂತೆ ದತ್ತಾಂಶದ ಒಂದೊಂದು ಪೊಟ್ಟಣಕ್ಕೂ ಕ್ರಮಸಂಖ್ಯೆಯಿರುತ್ತದೆ. ಕೆಟ್ಟದ್ದು, ಕಳೆದದ್ದು ತಿಳಿದರೆ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳಲಾಗುತ್ತದೆ. ಬಂದದ್ದೆಲ್ಲ ಮೊದಲು ಸ್ಮೃತಿಕೋಶದಲ್ಲಿ ಸೇರಿ, ಅಲ್ಲಿಂದ ಯಂತ್ರದೊಳಗಿನ ಗಡಿಯಾರದ ತಾಳಕ್ಕೆ ತಕ್ಕಂತೆ ಪರಿವರ್ತಕದ ಚಿಪ್ಪಿಗೆ ಹೋಗುತ್ತದೆ. ದಾರಿಯಲ್ಲಿ ತಡವಾಗಿ ಬಂದ ಪೊಟ್ಟಣ ರಾಗದ ಲಯವನ್ನು ಕೆಡಿಸಲಾರದು. ತೀರಾ ತಡವಾದರೆ ಹಾಡು ನಿಲ್ಲುತ್ತದೆ, ಅಷ್ಟೆ. ಅಂಚೆಯವನ ಸಮವಸ್ತ್ರ ಎಷ್ಟೇ ಇಸ್ತ್ರಿಯಾಗಿದ್ದರೂ ಪತ್ರದ ಒಕ್ಕಣೆ ಸುಂದರವಾಗುವುದಿಲ್ಲ.

ಹಾಗೆಂದು ಎಲ್ಲ ಪೆಟ್ಟಿಗೆಗಳೂ ಸಮಾನವೆಂದೇನೂ ಇಲ್ಲ. ಗಡಿಯಾರ ಮತ್ತು ಪರಿವರ್ತಕ ಕಳಪೆಯಾಗಿದ್ದರೆ, ವಿದ್ಯುತ್ ಪೂರೈಕೆಯ ಗುಂಯ್ಗುಡುವಿಕೆ ಒಳಗೆ ಸೇರಿದರೆ ಕಿವಿಗೆ ಗೊತ್ತಾಗುತ್ತದೆ. ಆದರೆ ಈ ದೋಷಗಳನ್ನು ಕಿವಿಯ ಎಟುಕಿನಿಂದಾಚೆಗೆ ತಳ್ಳುವುದಕ್ಕೆ ಇಂದು ಲಕ್ಷ ರೂಪಾಯಿ ಬೇಡ. ಇನ್ನು ಸಿಡಿಗಿಂತ ಸೂಕ್ಷ್ಮವಾದ ‘ಹೈ ರೆಸಲ್ಯೂಶನ್’ ಮುದ್ರಣದ ಮಾತು. ಮೇಯರ್ ಮತ್ತು ಮೋರನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ಮುದ್ರಣಕ್ಕೂ ಅದನ್ನೇ ಸಿಡಿಯ ಮಟ್ಟಕ್ಕಿಳಿಸಿದ್ದಕ್ಕೂ ಇರುವ ಭೇದವನ್ನು ಗುರುತಿಸಲು ಕೇಳುಗರಿಗೆ ಹೇಳಲಾಯಿತು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತಿತ್ತು. ಜೋಶುವಾ ರೈಸ್ 2016ರಲ್ಲಿ ಇಂಥ ಹದಿನೆಂಟು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3ಕ್ಕೆ ಏರಿತು, ತರಬೇತಾದ ಕೇಳುಗರಲ್ಲಿ ಶೇಕಡಾ 60ರ ಹತ್ತಿರ ಹೋಯಿತು. ಸೂಕ್ಷ್ಮ ವ್ಯತ್ಯಾಸವೊಂದು ಕೆಲವರಿಗೆ ಕೇಳಿಸುತ್ತಿರಬಹುದೆಂದು ಒಪ್ಪೋಣ. ಆದರೆ ಅದು ಮುದ್ರಣಗಳ ನಡುವಿನ ವ್ಯತ್ಯಾಸವೇ ಹೊರತು ಎರಡು ಸ್ಟ್ರೀಮರುಗಳ ನಡುವಿನದಲ್ಲ. ಹೈ ರೆಸಲ್ಯೂಶನ್ ದತ್ತಾಂಶವನ್ನು ಅಗ್ಗದ ಪೆಟ್ಟಿಗೆಯೂ ಸಲೀಸಾಗಿ ನುಡಿಸುತ್ತದೆ.

ಹಾಗಾದರೆ ದುಬಾರಿ ಪೆಟ್ಟಿಗೆಯ ಮಾಲೀಕರಿಗೆ ಆಗುವ ಸಂತೋಷ ಸುಳ್ಳೇ? ಎಂ.ಎ. ತರಗತಿಯ ದಿನಗಳಲ್ಲಿ ಓದಿದ ಥಾರ್ಸ್ಟೀನ್ ವೆಬ್ಲೆನ್ ಇಲ್ಲಿ ನೆನಪಾಗುತ್ತಾನೆ. ವಿರಾಮವರ್ಗವನ್ನು ಕುರಿತ 1899ರ ಗ್ರಂಥದಲ್ಲಿ ಅವನು ಕೈಯಿಂದ ಮಾಡಿದ ಬೆಳ್ಳಿಯ ಚಮಚವನ್ನೂ ಯಂತ್ರದಲ್ಲಿ ಮಾಡಿದ ಅಗ್ಗದ ಚಮಚವನ್ನೂ ಅಕ್ಕಪಕ್ಕ ಇಡುತ್ತಾನೆ. ಬಡಿಸುವ ಕೆಲಸದಲ್ಲಿ ಎರಡಕ್ಕೂ ಭೇದವಿಲ್ಲ. ಆದರೂ ಬೆಳ್ಳಿಯದು ನಮಗೆ ಸುಂದರವೆನಿಸುತ್ತದೆ. ಅದರ ಬೆಲೆಯ ಅರಿವೇ ಸೌಂದರ್ಯದ ಅನುಭವವಾಗಿ ಮಾರ್ಪಡುತ್ತದೆ. ವೆಬ್ಲೆನ್ ಇದನ್ನು ಕುಹಕದಿಂದ ಹೇಳಿದ. ನನಗೆ ಅಷ್ಟು ಕಠೋರವಾಗುವುದು ಸಾಧ್ಯವಿಲ್ಲ. ಮೂವತ್ತೈದು ವರ್ಷ ವರ್ಗಾವಣೆಗಳಲ್ಲಿ ಸಾಮಾನು ಕಟ್ಟಿ ಬಿಚ್ಚಿದವರೊಬ್ಬರು ಮನೆಯಲ್ಲಿ ಒಂದು ಚೆಲುವಾದ ವಸ್ತುವಿರಲಿ ಎಂದು ಬಯಸಿದರೆ ತಪ್ಪೇನು? ತಪ್ಪಿರುವುದು ಚೆಲುವಿಗೆ ಕೊಟ್ಟ ಹಣವನ್ನು ನಾದಕ್ಕೆ ಕೊಟ್ಟೆನೆಂದು ನಂಬುವುದರಲ್ಲಿ, ನಂಬಿಸುವುದರಲ್ಲಿ.

ಚೆಲುವಿನ ಆಯುಷ್ಯವನ್ನೂ ನೋಡಬೇಕು. ಎಲ್‌ಪಿ12 ಐವತ್ತು ವರ್ಷ ದಾಟಿದ ಮೇಲೂ ತಯಾರಾಗುತ್ತಿದೆ. ಹಳೆಯದಕ್ಕೆ ಹೊಸ ಬಿಡಿಭಾಗ ಹಾಕಬಹುದು. ಸ್ಟ್ರೀಮರಾದರೋ ಗಣಕ, ಅದು ಫೋನಿನಂತೆ ಮುದಿಯಾಗುತ್ತದೆ. ಸ್ಕ್ವೀಜ್‌ಬಾಕ್ಸನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು, 2012ರಲ್ಲಿ ಕೈಬಿಟ್ಟಿತು, 2024ರಲ್ಲಿ ಅದರ ಅಂತರಜಾಲ ಸೇವೆಯೂ ಮುಚ್ಚಿತು. ಮುಕ್ತ ತಂತ್ರಾಂಶವನ್ನು ಉತ್ಸಾಹಿಗಳು ಪೋಷಿಸುತ್ತಿರುವುದರಿಂದ ಮಾತ್ರ ಹಳೆಯ ಪೆಟ್ಟಿಗೆಗಳು ಇನ್ನೂ ಹಾಡುತ್ತಿವೆ. ಗೂಗಲ್ 2015ರಲ್ಲಿ 35 ಡಾಲರಿಗೆ ಮಾರಿದ ಕ್ರೋಮ್‌ಕಾಸ್ಟ್ ಆಡಿಯೋ 2019ರಲ್ಲಿ ನಿಂತಿತು. 2025ರ ಮಾರ್ಚಿನಲ್ಲಿ ಒಳಗಿನ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದು, ಕಂಪನಿ ಸರಿಪಡಿಸುವ ತನಕ ಮನೆಮನೆಗಳಲ್ಲಿ ಅದು ಮೂಕವಾಯಿತು. ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಬೇಗ ಸಾಯುವ ಅಂಗಕ್ಕೇ ಎಲ್ಲಕ್ಕಿಂತ ಹೆಚ್ಚು ಹಣ ಸುರಿಯುವುದು ಯಾವ ಲೆಕ್ಕಪರಿಶೋಧಕನಿಗೂ ಒಪ್ಪಿಗೆಯಾಗದು.

ಇದನ್ನೆಲ್ಲ ನಮ್ಮ ಹಿರಿಯರಿಗೆ ಹೇಳಿದೆ. ಅವರು ಕೇಳಿಕೊಂಡು, “ಇತಿಹಾಸ ಇರ್ಲಿ. ನನ್ನ ಕಿವಿ ಏನಂತಾವ ನೋಡೋಣು” ಎಂದರು. ಅಂಗಡಿಯವರು ಒಂದು ವಾರ ಮನೆಯಲ್ಲಿ ಕೇಳಿ ನೋಡಲು ಯಂತ್ರವನ್ನು ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಅದನ್ನೂ ನನ್ನ ಹನ್ನೆರಡು ಸಾವಿರದ ಪೆಟ್ಟಿಗೆಯನ್ನೂ ಅವರ ಆಂಪ್ಲಿಫೈಯರಿಗೆ ಜೋಡಿಸಿದೆವು. ಮೊದಲ ಕೇಳ್ಮೆಯಲ್ಲೇ ದುಬಾರಿಯದು ಗೆದ್ದಿತು. ಅದರ ದನಿ ತುಂಬಿಕೊಂಡಂತಿತ್ತು. ಮಲ್ಟಿಮೀಟರ್ ಹಿಡಿದು ಸ್ಪೀಕರಿನ ತಂತಿಗಳಲ್ಲಿ ಅಳೆದಾಗ ಕಾರಣ ತಿಳಿಯಿತು. ಅದರ ಹೊರಹರಿವು ನನ್ನದಕ್ಕಿಂತ ಹೆಚ್ಚಿತ್ತು. ತುಸು ಗಟ್ಟಿಯಾದದ್ದನ್ನು ಕಿವಿ ಗಟ್ಟಿಯೆಂದು ಗುರುತಿಸುವುದಿಲ್ಲ, ಉತ್ತಮವೆಂದು ಗುರುತಿಸುತ್ತದೆ. ಎರಡನ್ನೂ ಸಮಮಟ್ಟಕ್ಕೆ ತಂದು, ನಾಣ್ಯ ಚಿಮ್ಮಿ, ಕೇಳುವವರಿಗೆ ಕಾಣದಂತೆ ಗುಂಡಿ ತಿರುಗಿಸಿ ಹದಿನಾರು ಸಲ ಪರೀಕ್ಷಿಸಿದೆವು. ಕೇವಲ ಊಹೆಯಲ್ಲವೆಂದು ನಂಬಲು ಹನ್ನೆರಡಾದರೂ ಸರಿಯಾಗಬೇಕು. ಅವರಿಗೆ ಬಂದದ್ದು ಒಂಬತ್ತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನನ್ನ ಕಿವಿ ಹೋಗ್ಯಾವೋ, ಮಷೀನಿನಾಗ ಏನೂ ಇಲ್ಲೋ? ಖರೇ ಹೇಳ್ರಿ” ಎಂದರು.

ಆ ಪ್ರಶ್ನೆಯಲ್ಲಿ ಯಂತ್ರದ ಚಿಂತೆಗಿಂತ ಬೇರೊಂದು ಅಳುಕಿತ್ತು. ಸಂಗೀತ ಮೊದಲಿನಂತೆ ಕೇಳಿಸುತ್ತಿಲ್ಲವೆಂದು ಕೆಲವು ವರ್ಷಗಳಿಂದ ಅವರಿಗೆ ಅನಿಸುತ್ತಿತ್ತಂತೆ. ಒಳ್ಳೆಯ ಮೂಲ ಬಂದರೆ ಅದು ಮರಳೀತೆಂಬ ಆಸೆಯಿತ್ತು. ನಾನು ಕುಳಿತೆ, ಏಳು ಸರಿ. ಕಾಲೇಜಿನಲ್ಲಿ ಓದುವ ಅವರ ಮಗಳು ಕುಳಿತಳು, ಎಂಟು ಸರಿ. ಮೂವರ ಮೂರು ವಯಸ್ಸಿನ ಕಿವಿಗಳೂ ಒಂದೇ ಮಾತು ಹೇಳಿದವು. ಮೂರು ಜನರ ಪರೀಕ್ಷೆಯಿಂದ ಜಗತ್ತಿಗೆ ಏನನ್ನೂ ಸಾಧಿಸಿ ತೋರಿಸಲಾಗದು, ಆದರೆ ಆ ಮನೆಗೆ, ಆ ಹಣಕ್ಕೆ ಅಷ್ಟು ಸಾಕಾಗಿತ್ತು. ಕಿವಿಯ ತಪಾಸಣೆಯನ್ನು ಮಾತ್ರ ಮಾಡಿಸಿ ಎಂದೆ. ಮಾಡಿಸಿದರು, ವಯಸ್ಸಿಗೆ ತಕ್ಕ ಇಳಿಕೆ, ಗಾಬರಿಯೇನಿಲ್ಲ ಎಂದು ವೈದ್ಯರು ಹೇಳಿದರಂತೆ.

ಅವರ ತಂಬೂರಿ ಏಕೆ ಗುಂಯ್ಗುಟ್ಟಿ ಮಬ್ಬಾಗುತ್ತಿತ್ತೆಂಬುದಕ್ಕೆ ಬೇರೆ ಕಾರಣವಿತ್ತು. ಕೇಳುವ ಕೋಣೆಯ ಅಗಲ ಎರಡೂವರೆ ಮೀಟರ್, ಬರಿಯ ಗೋಡೆ, ಹಾಸುಗಲ್ಲಿನ ನೆಲ. ಅಷ್ಟು ಅಂತರದ ಎದುರುಬದುರು ಗೋಡೆಗಳು 69 ಹರ್ಟ್ಸ್ ಸಮೀಪದ ನಾದವನ್ನು ಹಿಗ್ಗಿಸುತ್ತವೆ. ಕರಿ ಒಂದರಲ್ಲಿ ಹಾಡುವ ಗಾಯಕನ ತಂಬೂರಿಯ ಖರ್ಜದ ತಂತಿ ಮಿಡಿಯುವುದು ಅಲ್ಲಿಯೇ. ಸ್ಪೀಕರುಗಳನ್ನು ಗೋಡೆಯಿಂದ ಈಚೆಗೆ ತಂದು, ಒಂದು ಬದಿಗೆ ಪುಸ್ತಕದ ಅಲಮಾರಿಯನ್ನು ಸರಿಸಿ, ನೆಲಕ್ಕೆ ದಪ್ಪ ಜಮಖಾನೆ ಹಾಸಿದಾಗ ಆದ ವ್ಯತ್ಯಾಸವನ್ನು ತಿಳಿಯಲು ನಾಣ್ಯ ಚಿಮ್ಮಬೇಕಾಗಲಿಲ್ಲ.

ಅಲಮಾರಿಯನ್ನು ಸರಿಸುವಾಗ ಹಿಂದೆ ಎರಡು ರಟ್ಟಿನ ಪೆಟ್ಟಿಗೆಗಳು ಸಿಕ್ಕವು. ಎಂಬತ್ತರ ದಶಕದಲ್ಲಿ ಅವರು ಧಾರವಾಡ ಆಕಾಶವಾಣಿಯ ರಾತ್ರಿಯ ಸಂಗೀತ ಕಾರ್ಯಕ್ರಮಗಳಿಂದ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು. ಕೆಲವು ಗಾಯಕರ ಹೆಸರನ್ನು ಇಂದು ಯಾವ ಸಂಗೀತಸೇವೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಗಡಿಯವನ ಸೂತ್ರ ಆಗ ನನಗೆ ಬೇರೆ ಅರ್ಥದಲ್ಲಿ ನಿಜವೆನಿಸಿತು. ಮೊದಲು ಮೂಲವೇ ಹೌದು. ಆದರೆ ಮೂಲವೆಂದರೆ ಮುದ್ರಿಕೆ. ಗದುಗಿನ ಅಂಗಡಿಯಲ್ಲಿಯೂ ಅದೇ ಆಗಿತ್ತು.

ಸ್ಟ್ರೀಮರ್ ಅಂಗಡಿಗೆ ಮರಳಿತು. ಅವರು ನನ್ನಲ್ಲಿರುವಂಥದ್ದೇ ಅಗ್ಗದ ಪೆಟ್ಟಿಗೆಯನ್ನು ಕೊಂಡರು. ದುರಸ್ತಿಯಾದ ಹಳೆಯ ಕ್ಯಾಸೆಟ್ ಡೆಕ್ಕೊಂದನ್ನೂ ಕೊಂಡರು. ಭಾನುವಾರಗಳಲ್ಲಿ ನಾವಿಬ್ಬರೂ ಕುಳಿತು ಒಂದೊಂದೇ ಕ್ಯಾಸೆಟ್ಟನ್ನು ಫ್ಲ್ಯಾಕ್ ರೂಪಕ್ಕೆ ಇಳಿಸುತ್ತಿದ್ದೇವೆ. ಈವರೆಗೆ ಹನ್ನೊಂದು ಆಗಿವೆ. ಎರಡರ ಟೇಪು ಬೂಷ್ಟು ಹಿಡಿದು ತುಂಡಾಯಿತು. ಇನ್ನೂ ಮೂವತ್ತರಷ್ಟು ಉಳಿದಿವೆ. ಮಳೆಗಾಲಕ್ಕೆ ಮೊದಲು ಮುಗಿಸಬೇಕು.